ಹವಾಮಾನ ಬದಲಾವಣೆ ಅಂತ ಹೇಳಿ ಹೈಕೋರ್ಟ್‌ಗೆ ಹೋಗಬಹುದಾ? ನಮ್ಮ ರಾಜಕಾಲುವೆ ವಿಷಯ

ಕೆರೆಕೋಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಮನೆ ಸರ್ಜಾಪುರ ರಸ್ತೆಯಿಂದ ಒಳಗೆ, ಒಂದು ಕೆರೆಯ ಕೆಳಗಡೆ ಇದೆ. 2022ರ ಸೆಪ್ಟೆಂಬರ್ ಮಳೆಗೆ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಅಮ್ಮನಿಗೆ ಆಗ 71 ವರ್ಷ. ಟ್ರ್ಯಾಕ್ಟರ್ ಮೇಲೆ ಕೂರಿಸಿ ಮುಖ್ಯರಸ್ತೆಗೆ ಕರೆತಂದೆವು. ಒಂದೂವರೆ ವರ್ಷ ಆಗುವುದರೊಳಗೆ, 2024ರ ಮಾರ್ಚ್‌ನಲ್ಲಿ, ಅದೇ ಮನೆಯ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ಗಾಗಿ ಮೂರು ದಿನ ಕಾದೆವು. ಮುಳುಗಿದ್ದೂ ಅದೇ ಮನೆ, ಒಣಗಿದ್ದೂ ಅದೇ ಮನೆ.

ಈಗ ನಮ್ಮ ಮೇಲುಗಡೆ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಪಕ್ಕದಲ್ಲೇ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಕಾಲುವೆಯ ಅಗಲ ಕಡಿಮೆ ಮಾಡಿ ಎರಡೂ ಕಡೆ ಕಾಂಕ್ರೀಟ್ ಗೋಡೆ ಹಾಕುತ್ತಿದ್ದಾರೆ. ಸಂಬಂಧಪಟ್ಟ ಕಚೇರಿಗೆ ನಾಲ್ಕು ಸಲ ಅರ್ಜಿ ಕೊಟ್ಟೆವು. ನಾಲ್ಕೂ ಸಲ ಒಂದೇ ಉತ್ತರ: "ನಿಯಮದ ಪ್ರಕಾರ ಇದೆ."

ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಪಡೆಯುವುದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ ಅಂತ ಪೇಪರ್‌ನಲ್ಲಿ ಓದಿದ್ದೆ. ಅದು ನಮ್ಮಂಥವರಿಗೆ ನಿಜವಾಗಿ ಕೆಲಸಕ್ಕೆ ಬರುತ್ತಾ? ಕಾನೂನು ಗೊತ್ತಿರುವವರು ದಾರಿ ತೋರಿಸಿ.

ಕಪ್ಪು ಕೋಟು

ಕೆರೆಕೋಡಿಯವರೇ, ನಾನು ಹೈಕೋರ್ಟಿನಲ್ಲಿ ರಿಟ್ ಅರ್ಜಿಗಳನ್ನು, ಅಂದರೆ ಸರ್ಕಾರದ ತೀರ್ಮಾನಗಳನ್ನು ಪ್ರಶ್ನಿಸುವ ಅರ್ಜಿಗಳನ್ನು, ನಡೆಸುತ್ತೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ನೀವು ಹೇಳುವ ತೀರ್ಪು 2024ರ ಮಾರ್ಚ್ 21ರದ್ದು. ಎಂ.ಕೆ. ರಂಜಿತ್‌ಸಿನ್ಹ್ ಅವರು ಕೇಂದ್ರ ಸರ್ಕಾರದ ವಿರುದ್ಧ ಹಾಕಿದ್ದ ಅರ್ಜಿ. ಮೂಲದಲ್ಲಿ ಅದು ಹವಾಮಾನದ ಕೇಸೇ ಅಲ್ಲ. ರಾಜಸ್ಥಾನ, ಗುಜರಾತಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ (ನಮ್ಮ ಎರ್ಲಡ್ಡು) ವಿದ್ಯುತ್ ತಂತಿಗೆ ಬಡಿದು ಸಾಯುತ್ತಿತ್ತು. ತಂತಿಗಳನ್ನು ನೆಲದಡಿ ಹಾಕಿ ಅಂತ 2021ರಲ್ಲಿ ಕೋರ್ಟ್ ಆದೇಶಿಸಿತ್ತು. ಆದೇಶಕ್ಕೆ ಒಳಪಟ್ಟ ಜಾಗ ಸುಮಾರು 99 ಸಾವಿರ ಚದರ ಕಿಲೋಮೀಟರ್. ಬಿಸಿಲು, ಗಾಳಿಯಿಂದ ವಿದ್ಯುತ್ ಮಾಡಲು ಒಳ್ಳೆಯ ಜಾಗವೂ ಅದೇ. ಇದರಿಂದ ಸೌರ ವಿದ್ಯುತ್ತಿಗೆ ಪೆಟ್ಟು ಬೀಳುತ್ತೆ ಅಂತ ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು. ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ಆದೇಶವನ್ನು ಸಡಿಲಿಸಿ, ತಜ್ಞರ ಸಮಿತಿಗೆ ಒಪ್ಪಿಸಿತು. ಹಾಗೆ ಮಾಡುವಾಗಲೇ, ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಈ ಹಕ್ಕು ಅಡಗಿದೆ ಅಂತ ಹೇಳಿತು. 21 ಬದುಕುವ ಹಕ್ಕು. 14 ಸಮಾನತೆ. ಬಿಸಿಲು, ನೆರೆಯ ಪೆಟ್ಟು ಬಡವರಿಗೇ ಜಾಸ್ತಿ ಬೀಳುವುದರಿಂದ ಸಮಾನತೆಯ ಮಾತೂ ಬಂತು.

ಒಂದು ಸೂಕ್ಷ್ಮ ಗಮನಿಸಿ. ಈ ಹಕ್ಕನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಒಂದು ಹಕ್ಕಿಗಿದ್ದ ರಕ್ಷಣೆಯನ್ನು ಸಡಿಲಿಸಿದ ತೀರ್ಪಿನಲ್ಲಿ. ಹಾಗಾಗಿ ಇದು ಒಂದೇ ಕಡೆಗೆ ವಾಲುವ ಹಕ್ಕಲ್ಲ.

ಇನ್ನು ನಿಮ್ಮ ಪ್ರಶ್ನೆ. "ನಮ್ಮ ಹವಾಮಾನ ಹಕ್ಕಿಗೆ ಧಕ್ಕೆ ಆಗಿದೆ" ಅಂತ ಮಾತ್ರ ಬರೆದು ಹೋದರೆ ಅರ್ಜಿ ತುಂಬಾ ದೂರ ಹೋಗುವುದಿಲ್ಲ. ನ್ಯಾಯಾಂಗ ವಿಮರ್ಶೆ ಅಂದರೆ ಕೋರ್ಟು ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕೂರುವುದಲ್ಲ. ಕಾಲುವೆ ಎಷ್ಟು ಅಗಲ ಇರಬೇಕು ಅಂತ ನ್ಯಾಯಮೂರ್ತಿಗಳು ಲೆಕ್ಕ ಹಾಕುವುದಿಲ್ಲ. ಅವರು ಕಡತ ತರಿಸುತ್ತಾರೆ. ಈ ಅಧಿಕಾರಿಗೆ ಈ ಅಧಿಕಾರ ಇತ್ತಾ? ಜನರ ಆಕ್ಷೇಪಣೆ ಕೇಳಿದ್ದಾರಾ? ನೋಡಲೇಬೇಕಾದದ್ದನ್ನು ನೋಡಿದ್ದಾರಾ? ಕಾರಣ ಬರೆದಿದ್ದಾರಾ? ನಿಮ್ಮ ಬಲ ಇರುವುದು ಮೂರನೇ ಪ್ರಶ್ನೆಯಲ್ಲಿ.

ಎಲ್‌ಎಲ್‌ಬಿ ಮೂರನೇ ವರ್ಷ

ಮೇಡಂ ಹೇಳಿದ್ದು ಸರಿ. ಆದರೆ ಹೊರದೇಶಗಳಲ್ಲಿ ಇದಕ್ಕಿಂತ ತುಂಬಾ ಮುಂದೆ ಹೋಗಿದ್ದಾರೆ ಅಲ್ವಾ? ನೆದರ್ಲೆಂಡ್ಸ್‌ನಲ್ಲಿ ಅರ್ಜೆಂಡಾ ಅನ್ನುವ ಸಂಸ್ಥೆ ಸುಮಾರು 900 ನಾಗರಿಕರ ಜೊತೆ ಸೇರಿ ಸರ್ಕಾರದ ಮೇಲೆ ಕೇಸು ಹಾಕಿ, 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. 2020ರೊಳಗೆ ಹಸಿರುಮನೆ ಅನಿಲಗಳನ್ನು 1990ಕ್ಕಿಂತ ಶೇ 25ರಷ್ಟು ಇಳಿಸಲೇಬೇಕು ಅಂತ ಆದೇಶವಾಯಿತು. ಜರ್ಮನಿಯಲ್ಲಿ 2021ರಲ್ಲಿ ಯುವಜನ ಗೆದ್ದರು. ಇವತ್ತು ನೀವು ಕೆಲಸ ಮುಂದೂಡಿದರೆ ನಾಳೆ ನಮ್ಮ ಸ್ವಾತಂತ್ರ್ಯಕ್ಕೆ ಕತ್ತರಿ ಬೀಳುತ್ತೆ ಅಂತ ಅವರ ವಾದ, ಕೋರ್ಟ್ ಒಪ್ಪಿತು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ಅಭಿಪ್ರಾಯ ಕೊಟ್ಟಿದೆ. ಹವಾಮಾನ ಕಾಪಾಡುವುದು ದೇಶಗಳ ಕಾನೂನಾತ್ಮಕ ಕರ್ತವ್ಯ ಅಂತ. ಕೇಳಿದ್ದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಅದಕ್ಕೆ ಮುಂದಾಳತ್ವ ವಹಿಸಿದ್ದು ವನುವಾಟು ಅನ್ನುವ ಪುಟ್ಟ ದ್ವೀಪ ದೇಶ.

ನಾವು ಯಾಕೆ ಒಂದು ಕಾಲುವೆಗೆ ಸೀಮಿತ ಆಗಬೇಕು? ಇಡೀ ಬೆಂಗಳೂರಿನ ಪರವಾಗಿ ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕೋಣ.

ಬಸವನಗುಡಿ ಅಜ್ಜಿ

ಮಗೂ, ನಿನ್ನ ಉತ್ಸಾಹ ನೋಡಿ ಖುಷಿಯಾಯಿತು. ನಾನೂ ಒಂದು ಸೇರಿಸುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ನನ್ನ ವಯಸ್ಸಿನ ಹೆಂಗಸರು ಕೇಸು ಹಾಕಿದ್ದರು. ಸಂಘದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ, ಎಲ್ಲರೂ 64 ದಾಟಿದವರು. ಬಿಸಿಗಾಳಿ ಬಂದರೆ ಮೊದಲು ಸಾಯುವುದು ನಾವು ಅಂತ ಹೇಳಿದರು. 2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು.

ಆ ತಿಂಗಳು ಬೆಂಗಳೂರು ಹೇಗಿತ್ತು ನೆನಪಿದೆಯಾ? ರಾತ್ರಿ ಎರಡು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಬೇಸಿಗೆಯಲ್ಲೂ ಬೆಳಗಿನ ಜಾವ ಹೊದಿಕೆ ಬೇಕಿತ್ತು. ಫ್ಯಾನೇ ಇರಲಿಲ್ಲ. ಆ ಹೆಂಗಸರ ಫೋಟೋ ಪೇಪರ್‌ನಲ್ಲಿ ನೋಡಿ ಕಣ್ಣಲ್ಲಿ ನೀರು ಬಂತು.

ಕಪ್ಪು ಕೋಟು

ಅಮ್ಮಾ, ನೀವು ಹೇಳಿದ ಕೇಸಿನಲ್ಲಿ ಒಂದು ಪಾಠ ಇದೆ. ಅದರಲ್ಲಿ ನಾಲ್ವರು ಹೆಂಗಸರು ವೈಯಕ್ತಿಕವಾಗಿಯೂ ಅರ್ಜಿ ಹಾಕಿದ್ದರು. ಅವರ ಅರ್ಜಿಯನ್ನು ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಸಂಘದ ಅರ್ಜಿ ಮಾತ್ರ ನಿಂತಿತು. ಅದಕ್ಕೇ ಕೆರೆಕೋಡಿಯವರಿಗೂ ಹೇಳುತ್ತೇನೆ, ಲೇಔಟ್ ನಿವಾಸಿಗಳ ಸಂಘದ ಹೆಸರಿನಲ್ಲಿ ಹೋಗಿ. ನಮ್ಮಲ್ಲಿ ಒಬ್ಬರೇ ಹೋದರೂ ಬಾಗಿಲು ತೆರೆದಿರುತ್ತೆ, ಆದರೆ "ಇದರಲ್ಲಿ ಇವರ ಸ್ವಂತ ಜಗಳ ಏನು" ಅನ್ನುವ ಅನುಮಾನ ಬೇಗ ಬರುತ್ತೆ.

ಇಡೀ ನಗರದ ಪಿಐಎಲ್ ಬಗ್ಗೆ. ಅಷ್ಟು ಅಗಲವಾಗಿ ಕೇಳಿದರೆ ಉತ್ತರವೂ ಅಷ್ಟೇ ತೆಳ್ಳಗಿರುತ್ತೆ. ರಿಧಿಮಾ ಪಾಂಡೆ ಅನ್ನುವ ಹುಡುಗಿ 2017ರಲ್ಲಿ, ಒಂಬತ್ತು ವರ್ಷ ವಯಸ್ಸಿನಲ್ಲಿ, ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿದ್ದಳು. ದೇಶ ಹವಾಮಾನದ ಬಗ್ಗೆ ಸಾಕಷ್ಟು ಮಾಡುತ್ತಿಲ್ಲ ಅಂತ. 2019ರ ಜನವರಿಯಲ್ಲಿ ಅರ್ಜಿ ಮುಗಿಸಿಬಿಟ್ಟರು. ಪ್ಯಾರಿಸ್ ಒಪ್ಪಂದದಂಥದ್ದನ್ನೆಲ್ಲ ಸರ್ಕಾರ ತನ್ನ ನೀತಿಯಲ್ಲಿ, ಪರಿಸರ ಅನುಮತಿ ಕೊಡುವಾಗ ಗಮನಿಸುವುದಿಲ್ಲ ಅಂತ ಭಾವಿಸಲು ಕಾರಣ ಇಲ್ಲ ಅಂದರು. ಆಕೆ ಸುಪ್ರೀಂ ಕೋರ್ಟಿಗೆ ಹೋದಳು.

ಆ ಸಾಲನ್ನು ನಾನು ತುಂಬಾ ಸಲ ಓದಿದ್ದೇನೆ. "ಗಮನಿಸಿರುತ್ತಾರೆ" ಅಂತ ಭಾವಿಸಿಕೊಳ್ಳುವುದು. ನಾವು ಒಡೆಯಬೇಕಾದದ್ದು ಅದನ್ನೇ. ಗಮನಿಸಿದ್ದರೆ ಕಡತದ ಯಾವ ಪುಟದಲ್ಲಿ ಗಮನಿಸಿದ್ದೀರಿ, ತೋರಿಸಿ.

ಮೆಟ್ರೊ ಪಯಣಿಗ

ನನಗೆ ಇಲ್ಲಿ ಒಂದು ಭಿನ್ನಾಭಿಪ್ರಾಯ ಇದೆ. ನಾನು ದಿನಾ ಎರಡೂವರೆ ಗಂಟೆ ರಸ್ತೆಯಲ್ಲಿ ಕಳೆದವನು. ಮೆಟ್ರೊ ಬಂದ ಮೇಲೆ ಬೈಕ್ ಬಿಟ್ಟೆ. ಹವಾಮಾನಕ್ಕೆ ಒಳ್ಳೆಯದು ಅಂದರೆ ಇದೇ ತಾನೇ? ಆದರೆ ಮರದ ವಿಷಯದಲ್ಲಿ ಹೈಕೋರ್ಟ್‌ನಲ್ಲಿ ಕೇಸುಗಳು ನಡೆದು ಮೆಟ್ರೊ ಕೆಲಸ ಎಷ್ಟೋ ಕಡೆ ಕಾಯಬೇಕಾಯಿತು. ಪ್ರತಿ ಕೆಲಸಕ್ಕೂ ಕೋರ್ಟು, ಪ್ರತಿ ಕೆಲಸಕ್ಕೂ ತಡೆಯಾಜ್ಞೆ ಅಂದರೆ ಊರು ಹೇಗೆ ನಡೆಯಬೇಕು? ನಾವು ಆರಿಸಿ ಕಳಿಸಿದವರು ತೀರ್ಮಾನ ಮಾಡಬೇಕು. ನ್ಯಾಯಮೂರ್ತಿಗಳನ್ನು ನಾವು ಆರಿಸಿಲ್ಲ.

ಹೊಂಗೆ ನೆರಳು

ಅಣ್ಣಾ, ಆ ಕೇಸುಗಳ ವಿಚಾರಣೆಗೆ ನಾನು ಕೆಲವು ದಿನ ಹೋಗಿ ಕೂತಿದ್ದೆ. ಕೋರ್ಟ್ ಮೆಟ್ರೊ ಬೇಡ ಅಂತ ಎಲ್ಲೂ ಹೇಳಲಿಲ್ಲ. ನಮ್ಮಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯುವ ಮೊದಲು ಮರ ಅಧಿಕಾರಿ ಹೋಗಿ ನೋಡಬೇಕು, ಕಾರಣ ಬರೆಯಬೇಕು. ಕೋರ್ಟ್ ಕೇಳಿದ್ದು ಅದನ್ನೇ. ಒಂದೊಂದು ಮರವನ್ನೂ ನೋಡಿದ್ದೀರಾ? ಉಳಿಸಲು ಆಗುತ್ತಾ, ಬೇರೆ ಕಡೆ ನೆಡಲು ಆಗುತ್ತಾ ಅಂತ ತಜ್ಞರು ಹೇಳಿದ್ದಾರಾ? ಹಾಗೆ ಕೇಳಿದಾಗ ಕೆಲವು ಮರ ಉಳಿದವು, ಮೆಟ್ರೊನೂ ಬಂತು. ನೀವು ಅದರಲ್ಲಿ ಓಡಾಡುತ್ತಿದ್ದೀರಿ, ನನಗೂ ಸಂತೋಷವೇ.

ಮೆಟ್ರೊ ಪಯಣಿಗ

ಮರ ಉಳಿದದ್ದು ನನಗೂ ಇಷ್ಟ ಅಕ್ಕ. ಆದರೆ ತಡವಾದ ದಿನಗಳಲ್ಲಿ ಸಾವಿರಾರು ಜನ ಬೈಕು, ಕಾರಿನ ಹೊಗೆ ಬಿಟ್ಟುಕೊಂಡೇ ಓಡಾಡಿದರು. ಅದನ್ನು ಯಾರೂ ಲೆಕ್ಕ ಹಾಕಲಿಲ್ಲ. ನನ್ನ ಮಾತು ಅಷ್ಟೇ.

ಕಪ್ಪು ಕೋಟು

ಈ ಮಾತು ತಳ್ಳಿಹಾಕುವಂಥದ್ದಲ್ಲ. ನಾನು ಹೇಳಿದ ಎರ್ಲಡ್ಡು ಕೇಸಿನ ಗಂಟೂ ಇದೇ. ಎರಡೂ ಪಕ್ಷದವರ ಕೈಯಲ್ಲಿ ಪರಿಸರವೇ ಇತ್ತು. ಒಬ್ಬರಿಗೆ ಹಕ್ಕಿ, ಇನ್ನೊಬ್ಬರಿಗೆ ಸೌರ ವಿದ್ಯುತ್. ಇಂಥ ಕಡೆ ಕೋರ್ಟ್ ತಾನೇ ಗೆರೆ ಎಳೆಯಲು ಹೋದರೆ ಎಡವುತ್ತೆ. 2021ರ ಆದೇಶ ನಿಲ್ಲದೇ ಹೋಗಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ಆದರೆ "ಎರಡನ್ನೂ ತೂಗಿ ನೋಡಿದ್ದೀರಾ, ತೂಗಿದ್ದನ್ನು ಬರೆದಿದ್ದೀರಾ" ಅಂತ ಕೇಳುವುದು ಕೋರ್ಟಿನ ಕೆಲಸವೇ. ಅದನ್ನೂ ಕೇಳದಿದ್ದರೆ ಕೋರ್ಟ್ ಇದ್ದು ಏನು ಪ್ರಯೋಜನ?

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಪೆರಿಫೆರಲ್ ರಿಂಗ್ ರೋಡ್. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರಿಸರ ಪರಿಣಾಮ ವರದಿಯಲ್ಲಿ ಕಡಿಯುವ ಮರ ಕೆಲವು ನೂರು ಅಂತ ಇತ್ತು. ಆಮೇಲೆ ಎಣಿಸಿದರೆ ಹದಿನಾರು ಸಾವಿರ ದಾಟಿತ್ತು. ಆಧಾರವಾಗಿ ಇಟ್ಟುಕೊಂಡ ಅಂಕಿಅಂಶವೂ ಹಳೆಯದು. ಕೋರ್ಟ್ ರಸ್ತೆ ಬೇಡ ಅನ್ನಲಿಲ್ಲ. ಪರಿಣಾಮದ ಅಧ್ಯಯನ ಹೊಸದಾಗಿ ಮಾಡಿ ಬನ್ನಿ ಅಂತ ಹೇಳಿತು. ತಪ್ಪು ಲೆಕ್ಕದ ಮೇಲೆ ನಿಂತ ಅನುಮತಿ ನಿಲ್ಲುವುದಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಜಾತಿಯ ಕೇಸು. ಸರ್ರೆ ಅನ್ನುವ ಕಡೆ ತೈಲಬಾವಿ ತೋಡಲು ಅಲ್ಲಿನ ಕೌಂಟಿ ಕೌನ್ಸಿಲ್ ಅನುಮತಿ ಕೊಟ್ಟಿತು. ತೋಡುವಾಗ ಬರುವ ಹೊಗೆಯನ್ನು ಲೆಕ್ಕ ಹಾಕಿದ್ದರು. ಆ ಎಣ್ಣೆಯನ್ನು ಮುಂದೆ ಸುಟ್ಟಾಗ ಬರುವ ಹೊಗೆಯನ್ನು ಬಿಟ್ಟಿದ್ದರು. 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಆ ಅನುಮತಿಯನ್ನು ರದ್ದು ಮಾಡಿತು. ದೊಡ್ಡ ಹಕ್ಕಿನ ಮಾತೇ ಇಲ್ಲ. ಬಿಟ್ಟಿದ್ದೇನು ಅನ್ನುವ ಒಂದೇ ಪ್ರಶ್ನೆ.

ವರ್ತೂರು ಕಡೆಯವ

ನಮ್ಮ ತಾತ ಕೆರೆಯ ನೀರುಗಂಟಿ ಆಗಿದ್ದರು. ಯಾವಾಗ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ಮೇಲಿನ ಕೆರೆ ಕೋಡಿ ಬಿತ್ತು ಅಂದರೆ ಕೆಳಗಿನ ಊರಿಗೆ ಆಳು ಕಳಿಸುತ್ತಿದ್ದರಂತೆ. ಈಗ ಮೇಲಿನವರಿಗೆ ಕೆಳಗಿನವರು ಯಾರು ಅಂತಲೇ ಗೊತ್ತಿಲ್ಲ.

ಕೆರೆಕೋಡಿ ಸರ್, ಮೊದಲು ಹಳೇ ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ಕಾಲುವೆ ಎಷ್ಟು ಅಗಲ ಇದೆ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಷ್ಟು ಗುಂಟೆ ಅಂತ ಇರುತ್ತೆ. ಆಮೇಲೆ ತಹಸೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ. ಕಾಲುವೆ ಒತ್ತುವರಿ ಆಗಿದ್ದರೆ ಹವಾಮಾನದ ಮಾತೇ ಬೇಕಾಗಿಲ್ಲ, ಅದು ಸರ್ಕಾರಿ ಜಾಗ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ 2021ರಲ್ಲಿ ಬಂದಿತ್ತು. ಕೋರಮಂಗಲ ಕಣಿವೆಯಲ್ಲಿ ಹಿಂದಿನ ಕಾಲದಲ್ಲಿ 113 ಕಿಲೋಮೀಟರ್ ಕಾಲುವೆ ಇತ್ತು, ಅದು ಸುಮಾರು 63 ಆಗಿದೆ ಅಂತ ಅದರಲ್ಲಿದೆ. 50 ಕಿಲೋಮೀಟರ್ ಕಾಲುವೆ ಮನೆಗಳ ಕೆಳಗೆ ಹೋಯಿತು ಸರ್. ಆ ನೀರೆಲ್ಲ ಬಂದು ಸೇರುವುದು ನಮ್ಮ ಬೆಳ್ಳಂದೂರು, ವರ್ತೂರು ಕೆರೆಗಳಿಗೆ.

ಕೆರೆಕೋಡಿ

ತುಂಬಾ ಧನ್ಯವಾದ. ಗ್ರಾಮ ನಕ್ಷೆ ಇದೆ, ನಮ್ಮ ಸಂಘದ ಕಾರ್ಯದರ್ಶಿ ತೆಗೆಸಿದ್ದಾರೆ. ಒತ್ತುವರಿ ಆಗಿಲ್ಲ ಅನ್ನುವುದೇ ಕಷ್ಟ. ನಕ್ಷೆಯ ಜಾಗ ಹಾಗೇ ಇದೆ, ಅದರೊಳಗೆ ನೀರು ಹರಿಯುವ ಅಗಲವನ್ನು ಮಾತ್ರ ಕಡಿಮೆ ಮಾಡಿ ಕಟ್ಟುತ್ತಿದ್ದಾರೆ.

ಇನ್ನೊಂದು. ಕೆರೆಗೆ 75 ಮೀಟರ್ ಬಫರ್ (ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗ) ಅಂತ ಆದೇಶ ಇತ್ತಲ್ಲ, ಅದರಡಿ ಹಸಿರು ನ್ಯಾಯಮಂಡಳಿಗೆ ಹೋಗಬಾರದಾ?

ಕಪ್ಪು ಕೋಟು

ಆ ಆದೇಶ ಈಗ ಇಲ್ಲ. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 35, 25 ಮೀಟರ್ ಅಂತ ನಿಗದಿ ಮಾಡಿತ್ತು. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಇದ್ದದ್ದು ಕೆರೆಗೆ 30, ಕಾಲುವೆಗಳಿಗೆ 50, 25, 15. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ಅಂಕಿಗಳನ್ನು ತೆಗೆದುಹಾಕಿತು.

ಯಾಕೆ ಅನ್ನುವುದು ಮುಖ್ಯ. 75 ಮೀಟರ್ ಜಾಸ್ತಿಯಾಯಿತು ಅಂತ ಅಲ್ಲ. ಮಹಾಯೋಜನೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಂದದ್ದು. ಕಾಯ್ದೆಯಡಿ ಮಾಡಿದ ನಿಯಮವನ್ನು ತಿದ್ದುವ, ಹೊಡೆದುಹಾಕುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ. ಆ ಅಧಿಕಾರ ಇರುವುದು 226ನೇ ವಿಧಿಯಡಿ ಹೈಕೋರ್ಟಿಗೆ, 32ರ ಅಡಿ ಸುಪ್ರೀಂ ಕೋರ್ಟಿಗೆ. ಹವಾಮಾನದ ಕಾಳಜಿ ಎಷ್ಟೇ ದೊಡ್ಡದಿರಲಿ, ತಪ್ಪು ಬಾಗಿಲು ತಟ್ಟಿದರೆ ಗೆದ್ದದ್ದೂ ಕೈತಪ್ಪುತ್ತೆ. ಮೂರು ವರ್ಷ ಜನ ಆ 75 ಮೀಟರನ್ನು ನಂಬಿದ್ದರು. ನನಗೆ ಇವತ್ತಿಗೂ ನೋವಾಗುವ ತೀರ್ಪು ಅದು, ಆದರೆ ಕಾನೂನಿನ ಪ್ರಕಾರ ತಪ್ಪು ಅಂತ ಹೇಳಲಾರೆ. ಈಗ ಕೆರೆಯ ವಿಸ್ತೀರ್ಣ ನೋಡಿ ಬಫರ್ ಗೊತ್ತುಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ಬಂತು. ಸಣ್ಣ ಕೆರೆಗಳಿಗೆ ಇರುವುದೂ ಕಡಿಮೆಯಾಗುವ ಯೋಚನೆ ಅದು.

ಆ ಅಪಾರ್ಟ್‌ಮೆಂಟ್‌ಗೆ ಪರಿಸರ ಅನುಮತಿ ಇದೆಯಾ ನೋಡಿ. ಕಟ್ಟುವ ವಿಸ್ತೀರ್ಣ 20 ಸಾವಿರ ಚದರ ಮೀಟರ್ ದಾಟಿದರೆ ಅನುಮತಿ ಬೇಕೇ ಬೇಕು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಅನುಮತಿಯ ವಿರುದ್ಧ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ಸರಿಯಾದ ಕಾರಣ ಕೊಟ್ಟರೆ ಇನ್ನೂ 60. ಅಲ್ಲಿಗೆ ಮುಗಿಯಿತು. 91ನೇ ದಿನ ಹೋದರೆ ಯಾರೂ ಕೇಳುವುದಿಲ್ಲ. "ಮೊದಲು ಕಟ್ಟಲಿ, ಆಮೇಲೆ ನೋಡೋಣ" ಅಂತ ಕೂರಬೇಡಿ. ಕಟ್ಟಿದ ಮೇಲೆ ಕೊಡುವ ಅನುಮತಿ ನಡೆಯುವುದಿಲ್ಲ ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ನವೆಂಬರ್‌ನಲ್ಲಿ 2–1ರ ಬಹುಮತದಿಂದ ಆ ತೀರ್ಪನ್ನೇ ವಾಪಸ್ ತೆಗೆದುಕೊಂಡಿತು.

ನಿವೃತ್ತ ಇಂಜಿನಿಯರ್, ಜಯನಗರ

ಇಷ್ಟು ಹೊತ್ತು ಓದುತ್ತಿದ್ದೆ. ನಾನು 31 ವರ್ಷ ಚರಂಡಿ, ಮೋರಿ, ಕಾಲುವೆ ಕೆಲಸ ಮಾಡಿದವನು. ಮೇಡಂ ಹೇಳಿದ "ನೋಡಲೇಬೇಕಾದದ್ದನ್ನು ನೋಡಿದ್ದಾರಾ" ಅನ್ನುವುದಕ್ಕೆ ನನ್ನ ಕಡೆಯಿಂದ ಒಂದು ಪ್ರಶ್ನೆ ಕೊಡುತ್ತೇನೆ.

ಯಾವ ಮಳೆಗೆ ಲೆಕ್ಕ ಹಾಕಿದ್ದೀರಿ?

ಯಾವ ಕಾಲುವೆಯ ವಿನ್ಯಾಸವೂ ಒಂದು ಅಂಕಿಯಿಂದ ಶುರುವಾಗುತ್ತೆ. ಗಂಟೆಗೆ ಇಷ್ಟು ಮಿಲಿಮೀಟರ್ ಮಳೆ. ಅದಕ್ಕೆ ಮಳೆ ಬೀಳುವ ಜಾಗದ ವಿಸ್ತೀರ್ಣ ಸೇರಿಸುತ್ತೇವೆ. ಬಿದ್ದ ನೀರಿನಲ್ಲಿ ಎಷ್ಟು ಪಾಲು ಹರಿದು ಬರುತ್ತೆ ಅಂತ ಹಿಡಿಯುತ್ತೇವೆ. ಈ ಮೂರರಿಂದ ಕಾಲುವೆಯ ಅಗಲ, ಆಳ ಬರುತ್ತೆ.

ಸುಲಭ ಲೆಕ್ಕ ನೋಡಿ. ಒಂದು ಹೆಕ್ಟೇರ್ ಜಾಗದಲ್ಲಿ 1 ಮಿಮೀ ಮಳೆ ಅಂದರೆ 10 ಸಾವಿರ ಲೀಟರ್ ನೀರು. ಗಂಟೆಗೆ 60 ಮಿಮೀ ಬಂದರೆ 6 ಲಕ್ಷ ಲೀಟರ್. ನೀವು ಬೇಸಿಗೆಯಲ್ಲಿ ಕಾದಿರಲ್ಲ, ಆ 12 ಸಾವಿರ ಲೀಟರಿನ ಟ್ಯಾಂಕರ್, ಅಂಥ 50 ಟ್ಯಾಂಕರ್. ಒಂದು ಹೆಕ್ಟೇರಿನಿಂದ, ಒಂದು ಗಂಟೆಯಲ್ಲಿ. ಜಾಗ ಹೊಲವಾಗಿದ್ದರೆ ಅರ್ಧಕ್ಕಿಂತ ಜಾಸ್ತಿ ಭೂಮಿ ಕುಡಿಯುತ್ತೆ. ಕಾಂಕ್ರೀಟ್ ಆದರೆ ಹೆಚ್ಚುಕಡಿಮೆ ಎಲ್ಲವೂ ಕಾಲುವೆಗೆ. ಅದಕ್ಕೇ ನಿಮ್ಮ ಮನೆ ಮುಳುಗುವುದೂ, ನಿಮ್ಮ ಬೋರ್‌ವೆಲ್ ಬತ್ತುವುದೂ ಒಂದೇ ರೋಗ. ಇಳಿಯಬೇಕಾದ ನೀರು ಇಳಿಯಲಿಲ್ಲ, ಓಡಿಹೋಯಿತು.

ಇನ್ನು ಆ ಮಳೆಯ ಅಂಕಿ. ಅದು ಹಳೆಯ ದಾಖಲೆಗಳಿಂದ ಬರುತ್ತೆ. ಮುಂದಿನ ಮಳೆ ಹಿಂದಿನ ಮಳೆಯ ಹಾಗೇ ಇರುತ್ತೆ ಅಂತ ನಂಬಿಕೊಂಡು ನಾವೆಲ್ಲ ಕೆಲಸ ಮಾಡಿದೆವು. ನಾನೂ ಮಾಡಿದ್ದೇನೆ. ಆಗ ನಮಗೆ ಬೇರೆ ದಾರಿ ಗೊತ್ತಿರಲಿಲ್ಲ. ಈಗ ಆ ನಂಬಿಕೆ ನಡೆಯುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಮಳೆ ಬಂದರೆ ಒಟ್ಟಿಗೇ ಸುರಿಯುತ್ತೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಮೀ ಬಿತ್ತು. ಜೂನ್ ತಿಂಗಳ ಒಂದು ದಿನದ ಮಳೆಗೆ 133 ವರ್ಷಗಳಲ್ಲಿ ಅದೇ ದಾಖಲೆ.

ಅಧಿಕಾರಿ "ನಿಯಮದ ಪ್ರಕಾರ ಇದೆ" ಅಂದರಲ್ಲ. ಯಾವ ವರ್ಷದ ಮಳೆ ಅಂಕಿಯ ಪ್ರಕಾರ ಅಂತ ಕೇಳಿ. ಆ ಪುಟ ಕಡತದಲ್ಲಿ ಇದ್ದೇ ಇರಬೇಕು. ಇಲ್ಲದಿದ್ದರೆ ಲೆಕ್ಕವೇ ಮಾಡಿಲ್ಲ ಅಂತ ಅರ್ಥ.

ಕಪ್ಪು ಕೋಟು

ಸರ್, ನಿಮ್ಮ ಈ ಪ್ರಶ್ನೆಯನ್ನು ನಾನು ಬರೆದಿಟ್ಟುಕೊಂಡೆ. ಕೆರೆಕೋಡಿಯವರೇ, ನಿಮ್ಮ ಕೇಸು ಇದೇ. ಹವಾಮಾನ ಬದಲಾವಣೆ ನಿಮ್ಮ ಅರ್ಜಿಯ ಮೊದಲ ಸಾಲಿನಲ್ಲಿ ಇರಬೇಕಾಗಿಲ್ಲ. ಈ ಪ್ರಶ್ನೆಯ ಒಳಗೆ ಇರಲಿ. ಬದಲಾದ ಮಳೆಯನ್ನು ಅಧಿಕಾರಿ ನೋಡಲೇಬೇಕಿತ್ತು, ಯಾಕೆಂದರೆ 2024ರ ತೀರ್ಪಿನ ನಂತರ ಅದು ಜನರ ಬದುಕುವ ಹಕ್ಕಿನ ಭಾಗ. ಹಕ್ಕು ಇಲ್ಲಿ ಬೆನ್ನಿಗೆ ನಿಲ್ಲುತ್ತೆ.

ನಗರಕ್ಕೆ ಒಂದು ಹವಾಮಾನ ಕ್ರಿಯಾ ಯೋಜನೆಯೂ ಇದೆ. 2023ರ ನವೆಂಬರ್‌ನಲ್ಲಿ ಬಂದದ್ದು. 2050ರ ಗುರಿ ಅದರಲ್ಲಿದೆ, ಮಳೆನೀರು, ನೆರೆಯ ಮಾತೂ ಇದೆ. ಅದು ಕಾಯ್ದೆ ಅಲ್ಲ. ಆದರೆ ಊರಿನ ಆಡಳಿತವೇ "ನೆರೆ ಜಾಸ್ತಿಯಾಗುತ್ತೆ" ಅಂತ ಬರೆದಿಟ್ಟ ಮೇಲೆ, ಕಾಲುವೆ ಕಿರಿದು ಮಾಡುವಾಗ ಅದು ಗೊತ್ತಿರಲಿಲ್ಲ ಅಂತ ಹೇಳಲಾಗುವುದಿಲ್ಲ.

ಎಲ್‌ಎಲ್‌ಬಿ ಮೂರನೇ ವರ್ಷ

ಪಾಕಿಸ್ತಾನದ ಲೆಘಾರಿ ಕೇಸು ಇದಕ್ಕೆ ಹತ್ತಿರ ಅಲ್ವಾ ಮೇಡಂ? 2015ರಲ್ಲಿ ಒಬ್ಬ ರೈತ ಲಾಹೋರ್ ಹೈಕೋರ್ಟಿಗೆ ಹೋದ. ಸರ್ಕಾರ 2012ರಲ್ಲೇ ಹವಾಮಾನ ನೀತಿ ಮಾಡಿದೆ, ಏನೂ ಜಾರಿ ಮಾಡಿಲ್ಲ ಅಂತ. ಕೋರ್ಟ್ ಹೊಸ ನೀತಿ ಬರೆಯಲಿಲ್ಲ. ಪ್ರತಿ ಇಲಾಖೆಯಿಂದ ಒಬ್ಬೊಬ್ಬರನ್ನು ಗೊತ್ತುಮಾಡಿಸಿ, ಒಂದು ಆಯೋಗ ಮಾಡಿ, ಮತ್ತೆ ಮತ್ತೆ ವರದಿ ಕೇಳಿತು. 2018ರ ಹೊತ್ತಿಗೆ ತುರ್ತು ಕೆಲಸಗಳಲ್ಲಿ ಮೂರನೇ ಎರಡು ಪಾಲು ಆಗಿತ್ತು. ಮೊದಲು ನಾನು ಇಡೀ ಬೆಂಗಳೂರಿನ ಪಿಐಎಲ್ ಅಂದಿದ್ದೆ. ಈಗ ಈ ರೀತಿ ಸಣ್ಣದಾಗಿ ಹಿಡಿದು ಬಿಡದೇ ಕೇಳುವುದು ಸರಿ ಅನ್ನಿಸುತ್ತಿದೆ.

ವರ್ತೂರು ಕಡೆಯವ

ಆದೇಶ ಬರುವುದು ಒಂದು, ಅದು ನಡೆಯುವುದು ಇನ್ನೊಂದು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 2018ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು, 500 ಕೋಟಿ ತೆಗೆದಿಡಿ ಅಂತ ಹೇಳಿತು. ಕೆರೆಗಳ ಬಗ್ಗೆ ಹೈಕೋರ್ಟ್ ಅದಕ್ಕೂ ಮೊದಲು 2012ರಲ್ಲೇ ವಿವರವಾದ ತೀರ್ಪು ಕೊಟ್ಟಿದೆ, ಜಿಲ್ಲೆಗೊಂದು ಕೆರೆ ಸಮಿತಿ ಅಂತ. ಹೂಳು ತೆಗೆದಿದ್ದಾರೆ, ನಿಜ. ಆದರೆ ವರ್ಷಗಳು ಹೋದವು. ಪ್ರತಿ ಸಲ ಯಾರೋ ಒಬ್ಬರು ಕೆರೆ ಏರಿ ಮೇಲೆ ನಿಂತು ಫೋಟೋ ತೆಗೆದು ಕೋರ್ಟಿಗೆ ಕೊಟ್ಟಿದ್ದಕ್ಕೆ ಅಷ್ಟಾದರೂ ಆಯಿತು. ಗೆದ್ದ ಮೇಲೆ ಮನೆಗೆ ಹೋಗಬೇಡಿ ಸರ್.

ಮೆಟ್ರೊ ಪಯಣಿಗ

ಮಳೆಯ ಪ್ರಶ್ನೆ ನನಗೂ ಒಪ್ಪಿಗೆ. ಇದರಲ್ಲಿ ಯಾರ ಕೆಲಸವೂ ನಿಲ್ಲಬೇಕಾಗಿಲ್ಲ, ಲೆಕ್ಕ ತೋರಿಸಿದರೆ ಮುಗಿಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ ವಿಷಯವೂ ಹೈಕೋರ್ಟಿಗೆ ಹೋಗಿದೆ. ಅಲ್ಲಿಯೂ ಇದೇ ಕೇಳಬಹುದು, ಸುರಂಗದ ಬಾಯಿಗೆ ಬರುವ ನೀರಿಗೆ ಯಾವ ಮಳೆ ಹಿಡಿದಿದ್ದೀರಿ ಅಂತ. ತಡೆಯಾಜ್ಞೆ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಕೆರೆಕೋಡಿ

ಎರಡು ದಿನ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹಿಂದಿನ ಸಲ ಎರಡು ಪುಟ ಬರೆದು ಕೊಟ್ಟಿದ್ದೆವು, ವಾಪಸ್ ಬಂತು. ಈ ಸಲ ಹೀಗಿದೆ, ನೋಡಿ ಹೇಳಿ:

*ವಿಷಯ: ನಮ್ಮ ಲೇಔಟಿನ ಮೇಲ್ಭಾಗದ ರಾಜಕಾಲುವೆಯ ಹೊಸ ವಿನ್ಯಾಸ. ಒಂದು, ಈ ವಿನ್ಯಾಸಕ್ಕೆ ಹಿಡಿದ ಮಳೆಯ ಪ್ರಮಾಣ (ಗಂಟೆಗೆ ಮಿಮೀ) ಇರುವ ಪುಟದ ಪ್ರತಿ. ಎರಡು, ಆ ಅಂಕಿ ಯಾವ ವರ್ಷದಿಂದ ಯಾವ ವರ್ಷದವರೆಗಿನ ಮಳೆ ದಾಖಲೆಯದು ಎಂದು ತೋರಿಸುವ ಪುಟದ ಪ್ರತಿ. ಮೂರು, ಮೇಲ್ಭಾಗದ ಜಾಗದಲ್ಲಿ ಎಷ್ಟು ಪಾಲು ನೀರು ಹರಿದು ಬರುತ್ತದೆ ಎಂದು ಹಿಡಿದ ಲೆಕ್ಕದ ಪ್ರತಿ. ನಾಲ್ಕು, 2022ರ ಸೆಪ್ಟೆಂಬರ್ ನೆರೆಯ ನಂತರ ಈ ಲೆಕ್ಕವನ್ನು ಮತ್ತೆ ನೋಡಿದ್ದರೆ ಆ ಟಿಪ್ಪಣಿ ಹಾಳೆಯ ಪ್ರತಿ. ಐದು, ಅಗಲ ಕಡಿಮೆ ಮಾಡಲು ಒಪ್ಪಿದ ಆದೇಶದ ಪ್ರತಿ.*

10 ರೂಪಾಯಿ ಪೋಸ್ಟಲ್ ಆರ್ಡರ್ ತಂದಾಯಿತು. ಸೋಮವಾರ ಕೊಡುತ್ತೇವೆ. 30 ದಿನದಲ್ಲಿ ಉತ್ತರ ಬರಬೇಕು.

ಕಪ್ಪು ಕೋಟು

ಚೆನ್ನಾಗಿದೆ. "ಯಾಕೆ" ಅಂತ ಎಲ್ಲೂ ಕೇಳಿಲ್ಲ, ಪುಟ ಮಾತ್ರ ಕೇಳಿದ್ದೀರಿ. ಹಾಗೇ ಇರಲಿ. ಅದೇ ದಿನ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಮನವಿಯನ್ನೂ ಕೊಡಿ, ಈಗಿನ ಮಳೆಗೆ ಲೆಕ್ಕ ಹಾಕಿ ವಿನ್ಯಾಸ ಮತ್ತೆ ನೋಡಿ ಅಂತ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾಳೆ ಹೈಕೋರ್ಟಿನಲ್ಲಿ "ಇವರು ನಮ್ಮನ್ನು ಕೇಳಲೇ ಇಲ್ಲ" ಅಂತ ಹೇಳಲು ಆಗಬಾರದು.

ನಿವೃತ್ತ ಇಂಜಿನಿಯರ್, ಜಯನಗರ

ಉತ್ತರ ಬಂದ ದಿನ ನನಗೆ ಕಳಿಸಿ, ಲೆಕ್ಕ ನಾನು ನೋಡುತ್ತೇನೆ. ಅಷ್ಟರಲ್ಲಿ ಒಂದು ಕೆಲಸ. 2022ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದಕ್ಕೆ ಗುರುತು ಏನಾದರೂ ಇದೆಯಾ?

ಕೆರೆಕೋಡಿ

ಇದೆ ಸರ್. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಅಮ್ಮ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದಿದ್ದಾರೆ. ಆಮೇಲಿನ ಎರಡು ಮಳೆಯದ್ದೂ ಇದೆ. ಬಣ್ಣ ಹೊಡೆಸುವಾಗ ಅದನ್ನು ಮುಟ್ಟಲು ಬಿಡಲಿಲ್ಲ.

ನಿವೃತ್ತ ಇಂಜಿನಿಯರ್, ಜಯನಗರ

ಮುಟ್ಟಬೇಡಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ಭಾನುವಾರ ಬೆಳಿಗ್ಗೆ ನಾನು ಲೆವೆಲಿಂಗ್ ಉಪಕರಣ ತರುತ್ತೇನೆ. ಆ ಗೆರೆಯಿಂದ ಕಾಲುವೆಯ ತಳಕ್ಕೆ ಎಷ್ಟು ಎತ್ತರ ಅಂತ ಅಳೆಯೋಣ.

ವರ್ತೂರು ಕಡೆಯವ

ನಾನೂ ಬರುತ್ತೇನೆ ಸರ್. ಸ್ಟಾಫ್ (ಅಳತೆ ಕೋಲು) ಹಿಡಿಯಲು ಒಬ್ಬರು ಬೇಕಲ್ಲ.